ಪಕ್ಕದ ಬೀದಿಯ ಡಾನ್ಸ್ ಕ್ಲಾಸೋ, ನೃತ್ಯಗ್ರಾಮವೋ?

ಮಕ್ಕಳನ್ನು ಡಾನ್ಸಿಗೆ ಸೇರಿಸುವವರು ಮೊದಲು ತಿಂಗಳ ಫೀಸು ಕೇಳುತ್ತಾರೆ. ನಾನಾದರೆ ರಂಗಪ್ರವೇಶದ, ಅಂದರೆ ಕಲಿತವರು ಮೊದಲ ಬಾರಿ ಒಬ್ಬರೇ ವೇದಿಕೆಯೇರಿ ಕೊಡುವ ಪೂರ್ಣ ಪ್ರದರ್ಶನದ, ಖರ್ಚು ಕೇಳುತ್ತೇನೆ.

ಬಡಾವಣೆಯ ಭರತನಾಟ್ಯ ಕ್ಲಾಸು ಸ್ಕೂಲಿನ ಜೊತೆಗೇ ಸಾಗುತ್ತದೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಯ ದಾರಿಯೂ ಇದೆ. ಆದರೆ ಹಾಲ್ ಬಾಡಿಗೆ, ಮೃದಂಗ, ಹಾಡುವವರು, ರೇಷ್ಮೆ ಉಡುಪು, ಬಂದವರಿಗೆ ಊಟ ಅಂತ ರಂಗಪ್ರವೇಶ ಲಕ್ಷಗಳಿಗೆ ಹೋಗಬಹುದು. ಒಳ್ಳೆಯ ಗುರುಗಳು ದೊಡ್ಡ ಮಕ್ಕಳ ಹಳೇ ಗೆಜ್ಜೆ, ಉಡುಪು ಎತ್ತಿಟ್ಟು, ಕೊಳ್ಳಲಾಗದವರಿಗೆ ಸುಮ್ನೆ ಕೊಡುತ್ತಾರೆ. ಅಂಥವರನ್ನು ಹುಡುಕಿ. ‘ಸಹಾಯಾರ್ಥ ಪ್ರದರ್ಶನ’ ಅಂದರೆ, ಖರ್ಚು ಕಳೆದು ಯಾರಿಗೆ ಎಷ್ಟು ತಲುಪಿತು ಅಂತ ಕೇಳಲು ಸಂಕೋಚ ಬೇಡ.

ಬೆಂಗಳೂರಿನ ಹತ್ತಿರದ ಹೆಸರಘಟ್ಟದ ನೃತ್ಯಗ್ರಾಮದ ಲೆಕ್ಕವೇ ಬೇರೆ. 1990ರಲ್ಲಿ ನೃತ್ಯಗಾರ್ತಿ ಪ್ರೊತಿಮಾ ಬೇಡಿ ಕಟ್ಟಿದ, ಒಡಿಶಾದ ಶಾಸ್ತ್ರೀಯ ನೃತ್ಯವಾದ ಒಡಿಸ್ಸಿಯ ಗುರುಕುಲ ಅದು. ಅಲ್ಲೇ ಇದ್ದು ದಿನವಿಡೀ ಅಭ್ಯಾಸ ಮಾಡಬೇಕು. ಸುತ್ತಲಿನ ಹಳ್ಳಿ ಮಕ್ಕಳಿಗೂ ಉಚಿತವಾಗಿ ಕಲಿಸುತ್ತ ಬಂದಿದ್ದಾರೆ. ಒಂದು ಕಾಲಕ್ಕೆ ಅಲ್ಲಿನ ನೃತ್ಯ-ಸಂಗೀತ ಉತ್ಸವ ವಸಂತಹಬ್ಬ ರಾತ್ರಿಯಿಡೀ ನಡೆಯುತ್ತಿತ್ತು.

ಸ್ಕೂಲು, ಟ್ಯೂಷನ್ ನಡುವೆ ಕಲಿಯುವ ಮಗುವಿಗೆ ಬಡಾವಣೆಯ ಕ್ಲಾಸೇ ಸರಿ. ನೃತ್ಯವೇ ಬದುಕು ಅನ್ನುವ ಹಟ ಇದ್ದರೆ ಮಾತ್ರ ಹೆಸರಘಟ್ಟ. ಆ ಹಟ ಮಗುವಿನದೇ ಆಗಿರಬೇಕು, ಅಪ್ಪ-ಅಮ್ಮನದಲ್ಲ!