ರೇಟ್ ಏರಲಿ ಅಂತ ವ್ಯಾಪಾರಿ ಹತ್ತಿರ ಕಾಫಿ ಬಿಟ್ಟು ಬರಬೇಡಿ

ಕೊಯ್ಲು ಶುರುವಾಗುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಹುತ್ತರಿ ಕಳೆದ ಮೇಲೆ ಕೆಲಸದವರು, ಕಣ, ಮೋಡ ಅಂತ ಯಾರಿಗೂ ಪುರುಸೊತ್ತು ಇರುವುದಿಲ್ಲ. ವಿಷಯ ಇಷ್ಟೇ. ಒಣಗಿದ ಕಾಫಿಯನ್ನು ವ್ಯಾಪಾರಿಯ ಗೋಡೌನಿಗೆ ಹಾಕಿ, ಒಂದು ಚೀಟಿ ತಗೊಂಡು, ರೇಟ್ ಬಂದಾಗ ಮಾತಾಡೋಣ ಅಂತ ಮನೆಗೆ ಬರುವ ಪದ್ಧತಿ ನಮ್ಮಲ್ಲಿ ಇದೆಯಲ್ವಾ, ದಯವಿಟ್ಟು ಅದನ್ನು ಬಿಟ್ಟುಬಿಡಿ. ನಮ್ಮ ಚಿಕ್ಕಪ್ಪನ 80 ಚೀಲ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ ಜಾತಿಯ ಕಾಫಿ, ಹೀಗೇ ಹೋಯಿತು. ಒಂದು ವರ್ಷದ ಇಡೀ ಬೆಳೆ.

ಆ ವ್ಯಾಪಾರಿಯ ಹೆಸರು, ಊರು ಬರೆಯುವುದಿಲ್ಲ. ಹೆಸರು ಯಾರದ್ದಾದರೂ ನಡೆಯುವುದು ಇದೇ ರೀತಿ.

ಚಿಕ್ಕಪ್ಪನದು ದಕ್ಷಿಣ ಕೊಡಗಿನಲ್ಲಿ ಚಿಕ್ಕ ತೋಟ. ಮನೆಯಲ್ಲಿ ಚಿಕ್ಕಮ್ಮ ಮತ್ತು ಅವರು ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. 2024ರಲ್ಲಿ ರೇಟ್ ಏರತೊಡಗಿದ ಮೇಲೆ ಕಣದಿಂದಲೇ ರಾತ್ರೋರಾತ್ರಿ ಕಾಫಿ ಕದಿಯುವುದು ಜಾಸ್ತಿಯಾಯಿತು, ಗಿಡದಲ್ಲಿದ್ದ ಹಣ್ಣನ್ನೂ ಬಿಡಲಿಲ್ಲ. ವಯಸ್ಸಾದವರು ಎಂಬತ್ತು ಚೀಲ ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದು ಹೇಗೆ? "ಇಲ್ಲೇ ಇರಲಿ ಅಣ್ಣ, ಯಾವಾಗ ಬೇಕೋ ಆವತ್ತಿನ ರೇಟ್ ಹಾಕಿ ಕೊಡ್ತೇನೆ" ಅಂದನಂತೆ ಆ ವ್ಯಾಪಾರಿ. ಅವನ ಅಪ್ಪನ ಕಾಲದಿಂದ ಕೊಡು ಕೊಳ್ಳು ಇದ್ದ ಮನೆ. ಹುಡುಗಿ ಮದುವೆಗೂ ಬಂದು ಉಂಡು ಹೋದವನು. ಚಿಕ್ಕಪ್ಪ ನಂಬಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ, ಅಕ್ಕಪಕ್ಕದ ತೋಟದವರೂ ಅದನ್ನೇ ಮಾಡಿದ್ದರು.

ಆ ಚೀಟಿ ಈಗ ನನ್ನ ಹತ್ತಿರ ಇದೆ. ಅಂಗೈ ಅಗಲದ ಹಳದಿ ಹಾಳೆ. ಮೇಲೆ ಬಾಲ್‌ಪೆನ್ನಿನಲ್ಲಿ "ಆರ್.ಸಿ. 80" (ರೋಬಸ್ಟಾ ಚೆರ್ರಿ 80 ಚೀಲ ಅಂತ), ಕೆಳಗೆ ತಾರೀಕು, ಮೂಲೆಯಲ್ಲಿ ಓದಲಾಗದ ಒಂದು ಸಹಿ. ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ. ತೂಕ ಎಷ್ಟು ಕೆಜಿ ಅಂತ ಇಲ್ಲ, ತೇವಾಂಶ ಇಲ್ಲ, ಔಟ್‌ಟರ್ನ್ ಇಲ್ಲ. ಇದು ಇಡಲು ಕೊಟ್ಟಿದ್ದೋ ಮಾರಿದ್ದೋ ಅಂತಲೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಮಾಲಿಗೆ ಇದ್ದ ದಾಖಲೆ ಅದೊಂದೇ.

ಔಟ್‌ಟರ್ನ್ ಅಂದರೆ 50 ಕೆಜಿಯ ಒಂದು ಚೀಲ ಚೆರ್ರಿಯಿಂದ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದು, ನಮಗೆ ದುಡ್ಡು ಬರುವುದೇ ಅದರ ಮೇಲೆ. ಚೀಲಕ್ಕೆ 10 ಸಾವಿರ ರೇಟ್ ಇದ್ದು 26 ಔಟ್‌ಟರ್ನ್ ಅಂದರೆ ಒಂದು ಪಾಯಿಂಟಿಗೆ ಹತ್ತಿರ ಹತ್ತಿರ 385 ರೂಪಾಯಿ. ತಿಂಗಳುಗಳ ನಂತರ ಅವನು "ನಿಮ್ಮದು 24 ಬಂತು" ಅಂದರೆ ಚೀಲಕ್ಕೆ 700 ರೂಪಾಯಿ ಮೇಲೆ ಹೋಯಿತು. ಇಲ್ಲ ಅನ್ನಲು ನಿಮ್ಮ ಕೈಯಲ್ಲಿ ಏನಿದೆ? ಸ್ಯಾಂಪಲ್ ಕೂಡ ಇಲ್ಲ.

ಇನ್ನು ನಿಜವಾದ ಕಥೆ. ಮೊದಲೆಲ್ಲ ಚೀಲಕ್ಕೆ ಮೂರು ಮೂರೂವರೆ ಸಾವಿರದಲ್ಲಿ ಒದ್ದಾಡುತ್ತಿದ್ದ ರೋಬಸ್ಟಾ ಚೆರ್ರಿ 2024ರಲ್ಲಿ 10 ಸಾವಿರ ಮುಟ್ಟಿತು. ವಿಯೆಟ್ನಾಂನಲ್ಲಿ ಬರ ಬಂತು, ಲಂಡನ್ ಮಾರುಕಟ್ಟೆ ಏರಿತು, ನಮ್ಮಲ್ಲೂ ಏರಿತು. ಚಿಕ್ಕಪ್ಪ ಖುಷಿಯಿಂದ ರೇಟ್ ಕಟ್ ಮಾಡಲು, ಅಂದರೆ ಆವತ್ತಿನ ರೇಟಿಗೆ ಲೆಕ್ಕ ಮುಗಿಸಲು ಹೋದರು. ಆವತ್ತಿನಿಂದ ಅವನ ಮಾತು ಬದಲಾಯಿತು. ಪಾರ್ಟಿಯಿಂದ ದುಡ್ಡು ಬರಬೇಕು ಅಂದ. ಬ್ಯಾಂಕಿನಲ್ಲಿ ಲಿಮಿಟ್ ಮುಗಿದಿದೆ ಅಂದ. ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ.

ರೇಟ್ ಏರಿದಾಗಲೇ ಯಾಕೆ ಹೀಗಾಗುತ್ತದೆ ಅಂತ ನನಗೆ ಆಮೇಲೆ ಅರ್ಥವಾಯಿತು, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನೀವು ಹಾಕಿದ ಕಾಫಿ ಗೋಡೌನಿನಲ್ಲಿ ಇರುವುದೇ ಇಲ್ಲ. ಅವನು ಅದನ್ನು ಕೆಲವೇ ದಿನಗಳಲ್ಲಿ ಕ್ಯೂರಿಂಗ್‌ನವರಿಗೋ (ಸಿಪ್ಪೆ ತೆಗೆದು ಬೀಜ ಮಾಡುವವರು) ದೊಡ್ಡ ಖರೀದಿದಾರರಿಗೋ ಮಾರಿ, ಆ ದುಡ್ಡನ್ನು ವ್ಯಾಪಾರಕ್ಕೆ ಹಾಕಿಕೊಂಡಿರುತ್ತಾನೆ. 7 ಸಾವಿರಕ್ಕೆ ಮಾರಿದ್ದಾನೆ ಅಂದುಕೊಳ್ಳಿ. ರೇಟ್ 6 ಸಾವಿರಕ್ಕೆ ಬಿದ್ದರೆ ಅವನಿಗೆ ಸಾವಿರ ಲಾಭ, ನಗುತ್ತಾ ಅದೇ ದಿನ ದುಡ್ಡು ಕೊಡುತ್ತಾನೆ. 10 ಸಾವಿರ ಆದರೆ ಚೀಲಕ್ಕೆ 3 ಸಾವಿರ ಕೈಯಿಂದ ಹಾಕಬೇಕು. ಚಿಕ್ಕಪ್ಪನೊಬ್ಬರ ಚೀಲಗಳಿಗೇ 2.4 ಲಕ್ಷ ಆಯಿತು, ಅಂಥವರು ಐವತ್ತು ಜನ ಇದ್ದರೆ ಎಲ್ಲಿಂದ ತರುತ್ತಾನೆ? ಅಂದರೆ ನೀವು ಯಾವ ರೇಟಿಗಾಗಿ ಕಾಯುತ್ತೀರೋ ಆ ರೇಟ್ ಬಂದ ದಿನವೇ ಅವನಿಗೆ ಕೊಡಲು ಆಗುವುದಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಆಮೇಲಿನ ಮಾತು.

ಹಿಂದೆ ಕಾಫಿ ಎಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ ಹೋಗುತ್ತಿತ್ತು, ದುಡ್ಡು ಕಂತಿನಲ್ಲಿ ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆ ಆಯಿತು. ಒಳ್ಳೆಯದೇ ಆಯಿತು. ಆದರೆ ಮಂಡಳಿಗೆ ಕೊಟ್ಟು ಕಾಯುವ ಆ ಹಳೇ ರೂಢಿಯನ್ನು ಖಾಸಗಿ ವ್ಯಾಪಾರಿ ಹತ್ತಿರವೂ ಮುಂದುವರಿಸಿದರೆ ಮಧ್ಯೆ ನಿಂತು ಜವಾಬು ಹೇಳುವವರು ಯಾರೂ ಇಲ್ಲ.

ಚಿಕ್ಕಪ್ಪನಿಗೆ ಆದ ಪೆಟ್ಟು ಕಾಫಿ ದುಡ್ಡು ಮಾತ್ರ ಅಲ್ಲ. ಸಹಕಾರ ಸಂಘದ ಬೆಳೆ ಸಾಲ ಹೊತ್ತಿಗೆ ಸರಿಯಾಗಿ ಕಟ್ಟಿದರೆ 5 ಲಕ್ಷದವರೆಗೆ ಬಡ್ಡಿ ಇಲ್ಲ. ಗಡುವು ಮೀರಿತು, ಬಡ್ಡಿ ಬಿತ್ತು. ಗೊಬ್ಬರ ಹಾಕಲು ದುಡ್ಡಿರಲಿಲ್ಲ, ಗಿಡಗಳು ಸೊರಗಿದವು. ಚಿಕ್ಕಮ್ಮ ಬಳೆ ಅಡ ಇಟ್ಟರು. ಅದನ್ನು ಮಕ್ಕಳಿಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಮಳೆಗಾಲದಲ್ಲಿ ಮನೆಗೇ ಹೋಗಿ ಗಲಾಟೆ ಮಾಡಿದ ಮೇಲೆ ಒಂದು ಚೆಕ್ ಕೊಟ್ಟ. "ಈಗ ಹಾಕಬೇಡಿ ಅಣ್ಣ, ನಾನೇ ಫೋನ್ ಮಾಡಿ ಹೇಳ್ತೇನೆ" ಅಂದ. ಚಿಕ್ಕಪ್ಪ ಬೀರುವಿನಲ್ಲಿ ಇಟ್ಟರು. ಚೆಕ್ಕಿಗೆ ಅದರಲ್ಲಿರುವ ತಾರೀಕಿನಿಂದ 3 ತಿಂಗಳು ಮಾತ್ರ ಆಯಸ್ಸು. ಅದು ಮುಗಿಯಿತು. ಬ್ಯಾಂಕಿಗೆ ಹಾಕಿ ಬೌನ್ಸ್ ಆಗಿದ್ದರೆ ಕೇಸಿಗೆ ಗಟ್ಟಿ ದಾರಿ ಇರುತ್ತಿತ್ತು. ಬೌನ್ಸ್ ಆದ ಮೆಮೊ ಕೈಗೆ ಬಂದ 30 ದಿನದೊಳಗೆ ವಕೀಲರಿಂದ ನೋಟಿಸ್ ಕಳಿಸಬೇಕು. ಅದು ತಲುಪಿದ 15 ದಿನದಲ್ಲಿ ದುಡ್ಡು ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಸುಮ್ನೆ ಕಾಯಿರಿ ಅಂತ ಚೆಕ್ ಕೊಡುವವನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಠಾಣೆಗೆ ಹೋದರೆ ಸಿವಿಲ್ ವಿಷಯ ಅಂದರು. ವಕೀಲರು ಚೀಟಿ ನೋಡಿ ಮೊದಲು ಕೇಳಿದ್ದು, "ಇಡಲು ಕೊಟ್ಟಿದ್ದು ಅಂತ ಎಲ್ಲಿದೆ?" ಇಡಲು ಕೊಟ್ಟ ಮಾಲನ್ನು ಕೇಳದೆ ಮಾರಿದರೆ ಅದು ನಂಬಿಕೆ ದ್ರೋಹದ ಅಪರಾಧ. ಮಾರಿದ ಮಾಲಿಗೆ ದುಡ್ಡು ಕೊಡದಿದ್ದರೆ ಬರೀ ಬಾಕಿ ಅನ್ನಿಸಿಕೊಳ್ಳುತ್ತದೆ. ಆ ಒಂದು ಸಾಲು ಚೀಟಿಯಲ್ಲಿ ಇದ್ದಿದ್ದರೆ ದಾರಿಯೇ ಬೇರೆ ಇತ್ತು.

ಈ ಸಲ ನಮ್ಮ ಮನೆಯಲ್ಲಿ ಏನು ಮಾಡುತ್ತಿದ್ದೇವೆ ಅಂದರೆ, ಚೆರ್ರಿಯನ್ನು ತೇವಾಂಶ ಶೇ 11ಕ್ಕೆ ಬರುವವರೆಗೆ ಒಣಗಿಸಿ, ಹೊಸ ಗೋಣಿಯಲ್ಲಿ ತುಂಬಿ, ಮರದ ಹಲಗೆ ಮೇಲೆ ಗೋಡೆಗೆ ತಾಗದಂತೆ ಜೋಡಿಸುತ್ತೇವೆ. ಗೊಬ್ಬರ, ಔಷಧಿ ಆ ಕೋಣೆಯಲ್ಲಿ ಇಡುವುದಿಲ್ಲ, ವಾಸನೆ ಹಿಡಿಯುತ್ತದೆ. ಕ್ಯಾಮೆರಾ ಹಾಕಿಸಿದ್ದೇವೆ. ಸಾಲಕ್ಕೂ ಕೂಲಿಗೂ ಬೇಕಾದಷ್ಟನ್ನು ಮೊದಲೇ ಮಾರುತ್ತೇವೆ, ದುಡ್ಡು ಖಾತೆಗೆ ಬಂದ ಮೇಲೆ ಲಾರಿ ಗೇಟ್ ದಾಟಬೇಕು. ಉಳಿದಿದ್ದಕ್ಕೆ ಕಾಯುತ್ತೇವೆ. ಜಾಗ ಇಲ್ಲದವರು ಬಾಡಿಗೆ ಹೋದರೂ ಪರವಾಗಿಲ್ಲ, ನಿಮ್ಮ ಹೆಸರಿನಲ್ಲಿ ಸರಿಯಾದ ರಸೀದಿ ಕೊಡುವ ಉಗ್ರಾಣದಲ್ಲೋ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಇಡಿ. ಕಾಫಿ ಮಂಡಳಿ ದಿನಾ ರೇಟ್ ಹಾಕುತ್ತದೆ, ಅದನ್ನು ನೋಡಿಕೊಂಡೇ ಮಾತಿಗೆ ಕೂರಿ.

ಈಗಾಗಲೇ ಚೀಟಿ ಹಿಡಿದು ಕೂತಿರುವವರು ನಾಳೆಯೇ ಹೋಗಿ ಪೂರ್ತಿ ಹೆಸರು, ಕೆಜಿ ಲೆಕ್ಕ, ಔಟ್‌ಟರ್ನ್, ಇಡಲು ಕೊಟ್ಟದ್ದು ಅನ್ನುವ ಮಾತು ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಆವತ್ತಿನ ರೇಟಿಗೇ ಲೆಕ್ಕ ಮುಗಿಸಿ. ಕೊಟ್ಟು ಹಳೆಯದಾಗಿದ್ದರೆ ವಕೀಲರನ್ನು ನೋಡಲು ತಡ ಮಾಡಬೇಡಿ, ದುಡ್ಡಿನ ದಾವೆ ಹಾಕಲು ಇರುವುದು 3 ವರ್ಷ.