ಶನಿವಾರದ ಟೆಸ್ಟಿಂಗ್ ಕಾರ್ಯಾಗಾರ: ಊಟದವರೆಗೆ ಪೂರ್ತಿ ಮಾರ್ಕು

ಫೀಸು 600 ರೂಪಾಯಿ. ಜಾಗ ಜಯನಗರದಲ್ಲಿ, ಮನೆಯೊಂದರ ಮೇಲಿನ ಹಾಲ್. ನಡೆಸುವವರೂ ನಮ್ಮಂತೆ ಸಾಫ್ಟ್‌ವೇರ್ ಟೆಸ್ಟರುಗಳೇ. ಸರ್ಟಿಫಿಕೇಟ್ ಇಲ್ಲ. ಬ್ರೌಸರ್ ಟೆಸ್ಟನ್ನು ತಾನಾಗಿ ಓಡಿಸುವ ಸೆಲೆನಿಯಂ ಟೂಲ್ ಕಲಿಸ್ತಾರೆ ಅಂದುಕೊಂಡು ಹೋದರೆ ಬೇಜಾರಾಗುತ್ತದೆ.

ಪರಿಚಯ ಮುಗಿದ ತಕ್ಷಣ ಜೋಡಿ ಮಾಡಿ ಕೂರಿಸುತ್ತಾರೆ. ಒಂದೇ ಕಂಪನಿಯವರನ್ನು ಜೊತೆಗೆ ಹಾಕುವುದಿಲ್ಲ. ಎಲ್ಲರಿಗೂ ಒಂದೇ ಕೆಲಸ: ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಪುಟ, ಅಭ್ಯಾಸಕ್ಕೆಂದೇ ಮಾಡಿಟ್ಟದ್ದು. ಏನು ಹುಡುಕುತ್ತೀರಿ ಅಂತ ಮೊದಲು ಒಂದು ಚಾರ್ಟರ್ ಬರೆಯಬೇಕು. ಆಮೇಲೆ 90 ನಿಮಿಷ ಫೋನ್ ಮುಟ್ಟುವ ಹಾಗಿಲ್ಲ. ಟೆಸ್ಟಿಂಗ್ ಪರಿಣಿತರಾದ ಬಾಕ್ ಸಹೋದರರು, ಜೊನಾಥನ್ ಮತ್ತು ಜೇಮ್ಸ್, 2000ದ ಸುಮಾರಿಗೆ ರೂಪಿಸಿದ ಸೆಷನ್ ಪದ್ಧತಿ ಇದು.

ನಾನು ಬ್ಯಾಂಕಿಂಗ್ ಕಡೆಯವಳು. ವಯಸ್ಸಿನ ಕಾಲಂ ಕಂಡರೆ ಸಾಕು, ಕೈ ತಾನಾಗಿ ಮಿತಿಯ ಅಂಚಿನ ಸಂಖ್ಯೆಗಳಾದ 0, 1, 120, 121 ಹೊಡೆಯುತ್ತದೆ. ನನ್ನ ಜೋಡಿ ಧಾರವಾಡದವರು, ಸರ್ಕಾರಿ ಸೇವೆಗಳ ಪೋರ್ಟಲ್ ಟೆಸ್ಟ್ ಮಾಡುವವರು. ಸ್ವಲ್ಪ ಹೊತ್ತು ನೋಡಿ, "ಅಕ್ಕಾರ, ಫೋನ್ ನಂಬರ್ ಕನ್ನಡದಾಗ ಹೊಡದು ನೋಡೂಣ್ರಿ" ಅಂದರು. ೯೮ ಅಂತ ಶುರು ಮಾಡಿ ಹತ್ತೂ ಅಂಕಿ ಹಾಕಿದೆವು. "ಅಂಕಿಗಳನ್ನು ಮಾತ್ರ ನಮೂದಿಸಿ" ಅಂತ ಪುಟ ಬೈದಿತು! ಅವರು ಅಷ್ಟಕ್ಕೆ ಬಿಡಲಿಲ್ಲ. ಅದೇ ನಂಬರನ್ನು ಪೋಸ್ಟ್‌ಮನ್ ಅನ್ನೋ ಟೂಲಿನಿಂದ, ಪುಟವನ್ನು ದಾಟಿ, ನೇರ ಸರ್ವರಿಗೆ ಕಳಿಸಿದರು. ಸರ್ವರ್ ಮರುಮಾತಿಲ್ಲದೆ ತಗೊಂಡಿತು.

ಕಾರಣ ಕೇಳಿದರೆ ಸರಳ. ಅಂಕಿಗಾಗಿ ಬರೆಯುವ ಮಾಮೂಲಿ ರೆಗೆಕ್ಸ್ (ಅಕ್ಷರಗಳನ್ನು ಹೊಂದಿಸಿ ನೋಡುವ ಸೂತ್ರ), ಪುಟ ನಡೆಸುವ ಜಾವಾಸ್ಕ್ರಿಪ್ಟಿನಲ್ಲಿ 0ಯಿಂದ 9ರವರೆಗೆ ಮಾತ್ರ ಒಪ್ಪುತ್ತದೆ. ಸರ್ವರ್ ಕಡೆಯ ಪೈಥಾನ್ 3ರಲ್ಲಿ ೦ಯಿಂದ ೯ ಕೂಡ ಅಂಕಿಯೇ. ಅಷ್ಟಕ್ಕೇ ಏನಾಯ್ತು ಅಂತೀರಾ? ಡೇಟಾಬೇಸಿನಲ್ಲಿ ಇವೆರಡೂ ಬೇರೆ ಬೇರೆ ಅಕ್ಷರ. ಒಂದೇ ರೋಗಿ, ಒಂದೇ ನಂಬರ್, ಎರಡು ದಾಖಲೆ. ಹಳೆಯ ರಿಪೋರ್ಟ್ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ. ನಾನು ಒಬ್ಬಳೇ ಕೂತಿದ್ದರೆ ಇನ್ನೂ 121ರಲ್ಲೇ ಇರುತ್ತಿದ್ದೆ.

ಕೊನೆಗೆ ಪ್ರತಿ ಜೋಡಿಯನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಎಷ್ಟು ಬಗ್ ಸಿಕ್ಕವು ಅಂತ ಕೇಳುವುದೇ ಇಲ್ಲ. ಏನು ಅಡ್ಡ ಬಂತು, ಏನನ್ನು ನೋಡದೆ ಬಿಟ್ಟಿರಿ, ಇನ್ನೊಂದು ಸೆಷನ್ ಸಿಕ್ಕರೆ ಎಲ್ಲಿಂದ ಶುರು ಮಾಡುತ್ತೀರಿ, ಇವೇ ಪ್ರಶ್ನೆ. ಗೇಮ್ ಟೆಸ್ಟ್ ಮಾಡುವ ಹುಡುಗನೊಬ್ಬ ಬುಕಿಂಗ್ ಮಧ್ಯೆ ಬ್ಯಾಕ್ ಬಟನ್ ಒತ್ತಿ ಒತ್ತಿ ಒಂದೇ ಸ್ಲಾಟನ್ನು ಇಬ್ಬರಿಗೆ ಕೊಡಿಸಿದ್ದ. ಅದು ನಮ್ಮ ಯಾರ ಚಾರ್ಟರಿನಲ್ಲೂ ಇರಲಿಲ್ಲ.

ಊಟದ ಪಲಾವ್ ಚೆನ್ನಾಗಿತ್ತು. ಆಮೇಲಿನದು ನಿದ್ದೆ. ಟೆಸ್ಟ್ ಕೇಸ್ ಬರೆದುಕೊಡುವ ಎಐ ಟೂಲಿನ ಡೆಮೊ ಅಂತೆ. ಕಿಟಕಿಗೆ ಪರದೆ ಇಲ್ಲ, ಸ್ಲೈಡ್ ಕಾಣುವುದಿಲ್ಲ. ಟೂಲ್ ಕೊಟ್ಟ ಉದ್ದದ ಪಟ್ಟಿಯಲ್ಲಿ 0, 1, 120, 121 ಇತ್ತು, ಕನ್ನಡ ಅಂಕಿ ಇರಲಿಲ್ಲ. ಇದನ್ನು ತೆಗೆದು ಇನ್ನೊಂದು ಜೋಡಿ ಸೆಷನ್ ಇಟ್ಟರೆ 1,000 ಕೊಟ್ಟಾದರೂ ಹೋಗುತ್ತೇನೆ.

ಈಗಷ್ಟೇ ಕೆಲಸಕ್ಕೆ ಸೇರಿದವರು ಸ್ವಲ್ಪ ತಡೆದು ಹೋಗಿ. ಒಂದೇ ಪ್ರಾಡಕ್ಟಿನಲ್ಲಿ ಮೂರ್ನಾಲ್ಕು ವರ್ಷ ಕಳೆದವರಿಗೆ ಜಾಸ್ತಿ ಉಪಯೋಗ. ಲ್ಯಾಪ್‌ಟಾಪ್ ನಿಮ್ಮದೇ ತರಬೇಕು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಮೆಟ್ರೋದಲ್ಲಿ ಹೋಗಿ.