ಸಖಿ ಒನ್ ಸ್ಟಾಪ್ ಸೆಂಟರ್: ತಂಗಿನ ಕರ್ಕೊಂಡು ಹೋದ ಅನುಭವ, ಐದಕ್ಕೆ ನಾಲ್ಕು ಸ್ಟಾರ್

ಯಾವ ಜಿಲ್ಲೆ ಅಂತ ಹೇಳಲ್ಲ, ತಂಗಿ ಗುರುತು ಯಾರಿಗೂ ಸಿಗಬಾರ್ದು. ಗಂಡನಿಂದ ಏಟು ತಿಂದ ಅವಳನ್ನ ಸಖಿ ಅನ್ನೋ ಸರ್ಕಾರಿ ಸಹಾಯ ಕೇಂದ್ರಕ್ಕೆ ಕರ್ಕೊಂಡು ಹೋಗಿದ್ದೆ. ಹೋಗೋಕೆ ಮುಂಚೆ ನಾನು ಎಷ್ಟೋ ಹುಡುಕಿದೆ, ಒಳಗೆ ಹೋದ್ರೆ ಏನ್ ಕೇಳ್ತಾರೆ, ಗಂಡನ ಮನೆಗೆ ಫೋನ್ ಮಾಡ್ಬಿಡ್ತಾರಾ, ದುಡ್ಡು ಕಟ್ಬೇಕಾ, ಇದ್ಯಾವ್ದಕ್ಕೂ ಹೋಗಿ ಬಂದವರು ಬರೆದಿದ್ದು ಒಂದೂ ಸಿಗ್ಲಿಲ್ಲ. ಅದಕ್ಕೇ ಬರೀತಿದೀನಿ. ಮೊದ್ಲು ಉತ್ತರ ಹೇಳ್ಬಿಡ್ತೀನಿ: ದುಡ್ಡು ಒಂದು ರೂಪಾಯಿನೂ ಇಲ್ಲ, ನಾವು ಹೇಳದೆ ಮನೆಯವರಿಗೆ ಫೋನ್ ಮಾಡ್ಲಿಲ್ಲ, ಹೋದ ತಕ್ಷಣ ಕೇಸ್ ಹಾಕಿ ಅಂತ ಯಾರೂ ಒತ್ತಾಯ ಮಾಡ್ಲಿಲ್ಲ.

ಇವಳು ನಮ್ಮ ಚಿಕ್ಕಮ್ಮನ ಮಗಳು, ನಂಗೆ ಸ್ವಂತ ತಂಗಿ ಥರಾನೇ. ಒಂದು ರಾತ್ರಿ ಎರಡು ಮಕ್ಕಳನ್ನ ಕರ್ಕೊಂಡು ನಮ್ಮನೆಗೆ ಬಂದ್ಲು, ತೋಳಲ್ಲಿ ಬಾಸುಂಡೆ. ಬೆಳಿಗ್ಗೆ ಎದ್ದು ಪೊಲೀಸ್ ಸ್ಟೇಷನ್ನಿಗೆ ಹೋದ್ವಿ. ಅಲ್ಲಿ ಕೂತಿದ್ದವರು ಪೂರ್ತಿ ಕೇಳಿಸ್ಕೊಳ್ಳೋ ಮುಂಚೆನೇ "ನೋಡಮ್ಮ, ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ, ಅವನನ್ನ ಕರೆಸಿ ಬುದ್ಧಿ ಹೇಳ್ತೀವಿ, ಮಕ್ಕಳ ಮುಖ ನೋಡಿ ಅಡ್ಜಸ್ಟ್ ಮಾಡ್ಕೊ" ಅಂದ್ರು. ತಂಗಿ ತಲೆ ತಗ್ಗಿಸ್ಕೊಂಡು ಆಯ್ತು ಸಾರ್ ಅಂದ್ಲು, ನಂಗೆ ಹೊಟ್ಟೆ ಉರಿದು ಹೋಯ್ತು. ಆಮೇಲೆ ಗೊತ್ತಾಗಿದ್ದು, ಕೌಟುಂಬಿಕ ಹಿಂಸೆ ಅಂತ ಯಾರಾದ್ರೂ ಸ್ಟೇಷನ್ನಿಗೆ ಬಂದ್ರೆ ಸಹಾಯಕ್ಕೆ ಅಂತಾನೇ ಸರ್ಕಾರ ನೇಮಿಸಿರೋ ರಕ್ಷಣಾಧಿಕಾರಿ ಇದಾರೆ, ಉಚಿತ ವಕೀಲರು ಸಿಗ್ತಾರೆ, ಕೋರ್ಟಿಂದ ಹೀಗೆಲ್ಲ ಆರ್ಡರ್ ತಗೋಬಹುದು ಅಂತ ಅವಳಿಗೆ ತಿಳಿಸೋದು ಪೊಲೀಸರದೇ ಕರ್ತವ್ಯ, 2005ರ ಕೌಟುಂಬಿಕ ಹಿಂಸೆ ಕಾಯ್ದೆ 5ನೇ ಸೆಕ್ಷನ್ನಲ್ಲೇ ಬರೆದಿದೆ. ನಮಗೆ ಅದರಲ್ಲಿ ಒಂದು ಮಾತೂ ಹೇಳ್ಲಿಲ್ಲ.

ಮಧ್ಯಾಹ್ನ 181ಕ್ಕೆ ಫೋನ್ ಮಾಡಿದೆ. ಮಹಿಳಾ ಸಹಾಯವಾಣಿ ಅದು, ರಾತ್ರಿ ಹಗಲು ಇರುತ್ತೆ. ಈಗಲೇ ಹೊಡೀತಿದಾನೆ, ಜೀವಕ್ಕೆ ಅಪಾಯ ಅನ್ನೋ ಹೊತ್ತಲ್ಲಿ 112 ಮಾಡ್ಬೇಕು, ಪೊಲೀಸ್ ಗಾಡಿನೇ ಬರುತ್ತೆ. ಮಕ್ಕಳಿಗೆ ತೊಂದ್ರೆ ಅಂದ್ರೆ 1098. 181ರಲ್ಲಿ ಮಾತಾಡಿದ ಹುಡುಗಿ ಮೊದ್ಲು ಕೇಳಿದ್ದು "ಈಗ ನೀವಿರೋ ಜಾಗ ಸೇಫಾ ಮೇಡಂ" ಅಂತ, ಆಮೇಲೆ ಸಖಿ ಸೆಂಟರಿಗೆ ಹೋಗಿ ಅಂತ ವಿಳಾಸ ಕೊಟ್ಲು.

ಸಖಿ ಅಂದ್ರೆ 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ, ಹೆಣ್ಮಕ್ಕಳ ಸುರಕ್ಷತೆಗೆ ಅಂತ ಇಟ್ಟಿರೋ ನಿರ್ಭಯಾ ನಿಧಿ ದುಡ್ಡಲ್ಲಿ ನಡೆಯುತ್ತೆ. ಡಾಕ್ಟರ್, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ, ಉಳ್ಕೊಳ್ಳೋಕೆ ಜಾಗ, ಎಲ್ಲಾ ಒಂದೇ ಕಡೆಯಿಂದ ಸಿಗ್ಲಿ, ಏಟು ತಿಂದವಳು ನಾಲ್ಕು ಆಫೀಸಲ್ಲಿ ನಾಲ್ಕು ಸಲ ಅದೇ ಕಥೆ ಹೇಳ್ಕೊಂಡು ಅಳಬಾರ್ದು ಅನ್ನೋದು ಲೆಕ್ಕ. ಮದುವೆ ಆದವರಿಗೆ ಮಾತ್ರ ಅಲ್ಲ, ಆಫೀಸಲ್ಲಿ ರಸ್ತೆಯಲ್ಲಿ ಕಿರುಕುಳ ಆದವರೂ, 18ರ ಒಳಗಿನ ಹುಡುಗಿಯರೂ ಹೋಗಬಹುದು. ನಾವು ಹೋಗಿದ್ದು ಆಸ್ಪತ್ರೆ ಆವರಣದಲ್ಲೇ ಇತ್ತು. ಸಣ್ಣ ಜಾಗ, ಎರಡು ರೂಮು, ಒಳಗೆ ಮಂಚಗಳು.

ಅಲ್ಲಿನ ಕೌನ್ಸೆಲರ್ ಮೇಡಂ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ. ಮಕ್ಕಳಿಗೆ ಬಿಸ್ಕೆಟ್ ಕೊಟ್ಟು ಪಕ್ಕದ ರೂಮಲ್ಲಿ ಕೂರ್ಸಿದ್ರು, ನನ್ನನ್ನೂ "ಅಕ್ಕ ನೀವು ಸ್ವಲ್ಪ ಹೊತ್ತು ಆಚೆ ಇರಿ" ಅಂದ್ರು. ನಂಗೆ ಆಗ ಬೇಜಾರಾಯ್ತು, ಈಗ ಅದು ಸರಿ ಅನ್ಸುತ್ತೆ, ನನ್ನ ಮುಂದೆ ಅವಳು ಕೆಲವು ವಿಷಯ ಹೇಳ್ತಾನೇ ಇರ್ಲಿಲ್ಲ. ಆಮೇಲೆ ಒಳಗೆ ಕರೆದು ಒಂದು ಫಾರಂ ತೆಗೆದ್ರು. ಕೌಟುಂಬಿಕ ಘಟನಾ ವರದಿ, ಅಲ್ಲಿ ಎಲ್ಲರೂ ಡಿಐಆರ್ ಅಂತಾರೆ. ಯಾರಿಗಾದ್ರೂ ಇಂಥ ಪರಿಸ್ಥಿತಿ ಬಂದ್ರೆ ಈ ಹೆಸರೊಂದು ನೆನಪಿಟ್ಕೊಳಿ, ಬಾಯಿ ಬಿಟ್ಟು ಕೇಳಿ ಬರೆಸ್ಕೊಳಿ.

ಅದರಲ್ಲಿ ಹೊಡೆದದ್ದು ಬಡಿದದ್ದು ಮಾತ್ರ ಇರಲ್ಲ. ಒಂದೊಂದೇ ಓದಿ ಹೇಳಿದ್ರು. ಗಂಡು ಮಗು ಆಗ್ಲಿಲ್ಲ ಅಂತ ಹೀಯಾಳಿಸ್ತಾರಾ, ಕೆಲಸಕ್ಕೆ ಹೋಗೋದು ತಡೀತಾರಾ, ಮನೆಯಿಂದ ಆಚೆ ಬಿಡಲ್ವಾ, ಸಾಯ್ತೀನಿ ಅಂತ ಹೆದರಿಸ್ತಾರಾ, ಊಟಕ್ಕೆ ಬಟ್ಟೆಗೆ ಔಷಧಿಗೆ ದುಡ್ಡು ಕೊಡಲ್ವಾ, ಸಂಬಳ ಕಿತ್ಕೊಳ್ತಾರಾ, ನಿಮ್ಮ ಒಡವೆ ಕೇಳದೆ ಅಡ ಇಟ್ರಾ ಮಾರಿದ್ರಾ. ತಂಗಿ ಮೊದಮೊದ್ಲು ಸುಮ್ನೆ ಹೂಂ ಅಂತಿದ್ಲು, ಒಡವೆ ಮಾತು ಬಂದಾಗ "ಇದೂ ಬರುತ್ತಾ ಮೇಡಂ ಇದ್ರಲ್ಲಿ?" ಅಂದ್ಲು. ಬರುತ್ತಮ್ಮ, ಕಾನೂನಲ್ಲಿ ಇದನ್ನೂ ಹಿಂಸೆ ಅಂತಾನೇ ಬರೆದಿರೋದು ಅಂದ್ರು. ಅಲ್ಲಿ ತನಕ ಅವಳ ತಲೆಯಲ್ಲಿ ಇದ್ದಿದ್ದು ಆ ಒಂದು ರಾತ್ರಿ ಏಟು ಮಾತ್ರ, ಆರು ವರ್ಷದಿಂದ ಆಗಿದ್ದು ಎಲ್ಲಾ ಸಂಸಾರದಲ್ಲಿ ಇರೋದೇ ಅಂದ್ಕೊಂಡು ನುಂಗ್ಕೊಂಡಿದ್ಲು. ಆ ಫಾರಂ ಓದಿದ ಮೇಲೆ ಅವಳು ಮಾತಾಡೋ ರೀತಿನೇ ಬದಲಾಯ್ತು, ತಾರೀಕು, ಹಬ್ಬ, ಯಾರು ಎದುರಿಗಿದ್ರು, ಎಲ್ಲಾ ತಾನೇ ಜ್ಞಾಪಿಸ್ಕೊಂಡು ಹೇಳೋಕೆ ಶುರು ಮಾಡಿದ್ಲು.

ನಮ್ಮ ರಾಜ್ಯದಲ್ಲಿ ಸಿಡಿಪಿಓಗಳೇ ರಕ್ಷಣಾಧಿಕಾರಿಗಳು, ಅಂದ್ರೆ ಅಂಗನವಾಡಿ ನೋಡ್ಕೊಳ್ಳೋ ತಾಲೂಕು ಆಫೀಸಲ್ಲಿ ಇರ್ತಾರಲ್ಲ ಅವ್ರು. ಸಖಿ ತನಕ ಹೋಗೋಕಾಗಲ್ಲ ಅನ್ನೋರು ನೇರ ಅಲ್ಲಿಗೇ ಹೋಗಿ ಡಿಐಆರ್ ಬರೆಸಬಹುದು. ಹಿಂಸೆಗೆ ಒಳಗಾದವಳೇ ಹೋಗ್ಬೇಕು ಅಂತಾನೂ ಇಲ್ಲ, ಪಕ್ಕದ ಮನೆಯವರು ಗೊತ್ತಾಗಿ ತಿಳಿಸಿದ್ರೂ ನಡೆಯುತ್ತೆ, ಒಳ್ಳೆ ಮನಸ್ಸಿಂದ ತಿಳಿಸಿದವರ ಮೇಲೆ ಯಾರೂ ಕೇಸ್ ಹಾಕೋ ಹಾಗಿಲ್ಲ.

ಆಸ್ಪತ್ರೆ ವಿಷಯ. ಹಿಂದೆ ಒಂದ್ಸಲ ಕೈ ಮುರಿದಿದ್ದಾಗ ಬಚ್ಚಲಲ್ಲಿ ಜಾರಿಬಿದ್ದೆ ಅಂತ ಹೇಳಿದ್ಲಂತೆ, ಚೀಟಿಯಲ್ಲೂ ಹಾಗೇ ಇದೆ, ಅದೇ ಚೀಟಿ ಆಮೇಲೆ ಕೋರ್ಟಲ್ಲಿ ಗಂಡನ ಕಡೆಯವರು ತೋರಿಸಿದ್ರು. ಈ ಸಲ ಕೌನ್ಸೆಲರ್ ಜೊತೆಯಲ್ಲೇ ಬಂದು ಯಾರು ಹೇಗೆ ಹೊಡೆದಿದ್ದು ಅಂತ ಹೇಳಿ ಎಂಎಲ್‌ಸಿ, ಅಂದ್ರೆ ಕೇಸಿಗೆ ಬೇಕಾಗೋ ಗಾಯದ ದಾಖಲೆ ಮಾಡಿಸಿದ್ರು. ದಯವಿಟ್ಟು ಡಾಕ್ಟರ್ ಹತ್ರ ಸುಳ್ಳು ಹೇಳ್ಬೇಡಿ.

ವಕೀಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಬಂದ್ರು. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಉಚಿತ, 1987ರ ಕಾನೂನಲ್ಲೇ ಇದೆ, ಬಿಪಿಎಲ್ ಕಾರ್ಡ್ ಬೇಕಿಲ್ಲ. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಆ ವಕೀಲರು ಹೇಳಿದ್ರಲ್ಲಿ ನಮಗೆ ಉಪಯೋಗಕ್ಕೆ ಬಂದಿದ್ದು: ಗಂಡನ ಊರಿನ ಕೋರ್ಟಿಗೇ ಅಲೀಬೇಕಿಲ್ಲ, ಅವಳು ಸದ್ಯಕ್ಕೆ ಎಲ್ಲಿದಾಳೋ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಲ್ಲೇ ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಬಹುದು. ಮನೆ ಅತ್ತೆ ಮಾವನ ಹೆಸರಲ್ಲಿದೆ, ನಿಂಗೇನು ಹಕ್ಕು ಅಂತ ಅವರು ಹೆದರಿಸ್ತಿದ್ರು, ಬಾಳಿದ ಮನೆ ಅತ್ತೆ ಮಾವನದ್ದು ಅನ್ನೋ ಒಂದೇ ಕಾರಣಕ್ಕೆ ಸೊಸೆ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆಯಂತೆ. ತಾಳಿ ಕಟ್ಟಿಸ್ಕೊಳ್ಳದೆ ಗಂಡ ಹೆಂಡ್ತಿ ಥರ ಒಟ್ಟಿಗೆ ಬಾಳ್ತಿರೋರಿಗೂ ಈ ಕಾಯ್ದೆ ಇದೆ, ಮಗನಿಂದ ಏಟು ತಿನ್ನೋ ತಾಯಿಗೂ ಇದೆ.

ಎಫ್ಐಆರ್ ಬೇರೆ ದಾರಿ. ಗಂಡ, ಅವನ ಮನೆಯವರು ಕೊಡೋ ಹಿಂಸೆಗೆ ಮುಂಚೆ 498ಎ ಅಂತಿದ್ರಲ್ಲ, 2024 ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ಮೂರು ವರ್ಷದ ತನಕ ಜೈಲು. ಸ್ಟೇಷನ್ನಲ್ಲಿ ತಗೊಳಲ್ಲ ಅಂದ್ರೆ ದೂರನ್ನ ಬರೆದು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು. ಬೇರೆ ಊರಲ್ಲಿ ಆದ ಘಟನೆ ಅಂತ ವಾಪಸ್ ಕಳ್ಸೋ ಹಾಗಿಲ್ಲ, ಹೋದ ಸ್ಟೇಷನ್ನಲ್ಲೇ ದೂರು ದಾಖಲು ಮಾಡ್ಬೇಕು, ಅದಕ್ಕೆ ಝೀರೋ ಎಫ್ಐಆರ್ ಅಂತಾರೆ. ತಂಗಿಗೆ ಗಂಡನ್ನ ಜೈಲಿಗೆ ಕಳ್ಸೋದು ಆಗ ಬೇಕಿರ್ಲಿಲ್ಲ, ಮಕ್ಕಳ ಖರ್ಚು ಮತ್ತೆ ನೆಮ್ಮದಿ ಸಾಕು ಅಂದ್ಲು. ಕೌನ್ಸೆಲರ್ ಸರಿಯಮ್ಮ, ಎರಡೂ ಒಟ್ಟಿಗೂ ಹಾಕಬಹುದು, ಯೋಚನೆ ಮಾಡಿ ಆಮೇಲೂ ಕೊಡಬಹುದು ಅಂದ್ರು, ಅಷ್ಟೇ. ನಾನಾಗಿದ್ರೆ ಅವತ್ತೇ ಎಫ್ಐಆರ್ ಹಾಕು ಅಂತಿದ್ದೆ, ನಿಜವಾಗ್ಲೂ ಅಂದೂ ಬಿಟ್ಟೆ, ಅವ್ರು ನನ್ನ ಕಡೆ ನೋಡಿ "ತೀರ್ಮಾನ ಅವ್ರದ್ದು ಅಕ್ಕ" ಅಂದ್ರು.

ಈಗ ಒಂದು ಸ್ಟಾರ್ ಯಾಕೆ ಕಮ್ಮಿ ಅಂದ್ರೆ, ಅಲ್ಲಿ ಉಳ್ಕೊಳ್ಳೋಕೆ ಇರೋದು ಐದು ದಿನ ಅಷ್ಟೇ. ಐದು ದಿನದಲ್ಲಿ ಯಾರ ಬದುಕು ನೆಟ್ಟಗಾಗುತ್ತೆ ಹೇಳಿ, ಅದಾದ ಮೇಲೆ ಶಕ್ತಿ ಸದನ ಅನ್ನೋ ಹೆಣ್ಮಕ್ಕಳ ಆಶ್ರಯ ಮನೆಗೆ ಕಳಿಸ್ತಾರೆ, ನಮ್ಮ ತಂಗಿಗೆ ನಮ್ಮನೆ ಇತ್ತು, ಇಲ್ಲದವರು ಮಕ್ಕಳ ಸ್ಕೂಲು ಬಿಡಿಸಿ ಮತ್ತೆ ಹೊಸ ಜಾಗ ಅಂದ್ರೆ ಎಷ್ಟು ಕಷ್ಟ. ಇನ್ನು ಕೋರ್ಟು. ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಅರ್ಜಿ 60 ದಿನದಲ್ಲಿ ಮುಗಿಸೋ ಪ್ರಯತ್ನ ಆಗ್ಬೇಕು ಅಂತಿದೆ, ನಮಗೆ ನೋಟಿಸ್ ಜಾರಿ ಆಗೋದ್ರಲ್ಲೇ ಎರಡು ತಿಂಗಳು ಹೋಯ್ತು. ವಕೀಲರ ಹತ್ರ ಮಧ್ಯಂತರ ಆದೇಶ, ಅಂದ್ರೆ ಕೇಸ್ ಮುಗಿಯೋ ಮುಂಚೆನೇ ಕೊಡೋ ಆದೇಶ ಕೇಳಿ ಅಂತ ಮೊದಲ ದಿನವೇ ಹೇಳಿ, 23ನೇ ಸೆಕ್ಷನ್, ಅವನು ಬರದೇ ಇದ್ರೂ ಕೊಡಬಹುದು. ನಾವು ತಡವಾಗಿ ಕೇಳಿದ್ವಿ.

ಹೋಗೋವಾಗ ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಫೋಟೋ, ಹಳೇ ಆಸ್ಪತ್ರೆ ಚೀಟಿ, ಸಿಕ್ಕಷ್ಟು ತಗೊಂಡು ಹೋಗಿ, ಸಿಗ್ಲಿಲ್ಲ ಅಂದ್ರೂ ಹೋಗಿ, ಕಾಗದ ಇಲ್ಲ ಅಂತ ನಮ್ಮನ್ನ ವಾಪಸ್ ಕಳಿಸ್ಲಿಲ್ಲ. ಗಂಡ ಫೋನ್ ನೋಡೋನಾದ್ರೆ ಬೇರೆಯವರ ಫೋನಿಂದ 181ಕ್ಕೆ ಮಾಡಿ.

ಅಪ್‌ಡೇಟ್: ಅವನು ಮತ್ತೆ ಹಿಂಸೆ ಕೊಡಬಾರ್ದು ಅಂತ ಕೋರ್ಟಿಂದ ರಕ್ಷಣಾ ಆದೇಶ ಬಂತು. ಪ್ರತಿ ಉಚಿತವಾಗಿ ಕೊಟ್ರು, ಸ್ಟೇಷನ್ನಿಗೂ ಒಂದು ಹೋಗಿದೆ. ಅದನ್ನ ಮೀರಿದ್ರೆ ಒಂದು ವರ್ಷದ ತನಕ ಜೈಲು ಇಲ್ಲಾ 20,000 ರೂಪಾಯಿ ತನಕ ದಂಡ, ಎರಡೂ ಆಗಬಹುದು, ಜಾಮೀನು ಹಕ್ಕಲ್ಲ. ಹೋದ ವಾರ ಅವನು ಮಕ್ಕಳ ಸ್ಕೂಲ್ ಹತ್ರ ಬಂದಿದ್ದ, ತಂಗಿ ಆರ್ಡರ್ ಕಾಪಿ ತಗೊಂಡು ಅದೇ ಸ್ಟೇಷನ್ನಿಗೆ ಹೋದ್ಲು, ಈ ಸಲ ನನ್ನನ್ನ ಕರೀಲಿಲ್ಲ, ಒಬ್ಬಳೇ ಹೋಗಿ ದೂರು ಕೊಟ್ಟು ಸ್ವೀಕೃತಿ ತಗೊಂಡು ಬಂದು ಸಂಜೆ ನಂಗೆ ಫೋನ್ ಮಾಡಿದ್ಲು.